ಒಟ್ಟಿಗೆ ಹಾಡುವ ವಿರೋಧಿಗಳು: ವೆರ್ಡಿಯ ಬದುಕು ಮತ್ತು ಒಪೆರಾ

ಪಾಶ್ಚಾತ್ಯ ಸಂಗೀತದ ಪರಿಚಯವೇ ಇಲ್ಲವೆಂದುಕೊಂಡವರು ಕೂಡ ಇಟಲಿಯ ಒಪೆರಾ ಸಂಗೀತಕಾರ ಜ್ಯುಸೆಪ್ಪೆ ವೆರ್ಡಿಯ ಒಂದು ಧಾಟಿಯನ್ನಾದರೂ ಕೇಳಿರುತ್ತೀರಿ. ಯಾವುದೋ ಜಾಹೀರಾತಿನಲ್ಲಿಯೋ, ಸಿನಿಮಾದಲ್ಲಿಯೋ ‘ಲಾ ದೊನ್ನಾ ಎ ಮೋಬಿಲೆ’ ಎಂಬ ಹಾಡಿನ ಕುಣಿಯುವ ಧಾಟಿ ನಿಮ್ಮ ಕಿವಿಗೆ ಬಿದ್ದಿರಬಹುದು. ಒಂದು ಸಲ ಕೇಳಿದರೆ ಬಾಯಿಗೆ ಹತ್ತುವ ಈ ಇಂಪೇ ವೆರ್ಡಿಯ ಜನಪ್ರಿಯತೆಗೆ ಕಾರಣವೆಂದು ಹಲವರು ಹೇಳುತ್ತಾರೆ. ಇಟಲಿಯ ಏಕೀಕರಣದ ಹೋರಾಟಕ್ಕೆ ಆತ ದನಿಯಾದದ್ದೇ ಕಾರಣವೆಂಬುದು ಇನ್ನು ಕೆಲವರ ಮಾತು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಆ ರಾಷ್ಟ್ರೀಯ ಹೋರಾಟ ಮುಗಿದು ಒಂದೂವರೆ ಶತಮಾನ ಕಳೆದ ಮೇಲೂ, ಇಟಾಲಿಯನ್ ಭಾಷೆಯ ಒಂದಕ್ಷರ ತಿಳಿಯದ ಊರುಗಳಲ್ಲಿಯೂ, ಆತನ ಒಪೆರಾಗಳಿಗೆ, ಅಂದರೆ ಹಾಡಿನಲ್ಲಿಯೇ ನಡೆಯುವ ನಾಟಕಗಳಿಗೆ, ಜನ ಏಕೆ ಸೇರುತ್ತಾರೆ ಎಂಬ ಪ್ರಶ್ನೆಗೆ ಇವೆರಡೂ ಸಾಕಾಗುವ ಉತ್ತರವಲ್ಲ. ಪರಸ್ಪರ ವಿರುದ್ಧವಾದ ಮನಸ್ಸುಗಳನ್ನು ಒಂದೇ ಕ್ಷಣದಲ್ಲಿ, ಯಾರನ್ನೂ ಸಣ್ಣವರನ್ನಾಗಿ ಮಾಡದೆ, ನಮಗೆ ಕೇಳಿಸುವ ಶಕ್ತಿ ವೆರ್ಡಿಗಿತ್ತು; ಆ ಶಕ್ತಿ ಆತನಿಗೆ ಮೆಲ್ಲಗೆ, ಕಷ್ಟದಿಂದ ಒದಗಿತು ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡಲು ಬಯಸುತ್ತೇನೆ.

ವೆರ್ಡಿ ಹುಟ್ಟಿದ್ದು 1813ರ ಅಕ್ಟೋಬರಿನಲ್ಲಿ, ಉತ್ತರ ಇಟಲಿಯ ಬುಸ್ಸೆತೊ ಪಟ್ಟಣದ ಹತ್ತಿರದ ಲೆ ರೊಂಕೊಲೆ ಎಂಬ ಹಳ್ಳಿಯಲ್ಲಿ. ಆಗ ಆ ಸೀಮೆ ನೆಪೋಲಿಯನ್ನನ ಆಳ್ವಿಕೆಯಲ್ಲಿತ್ತು. ಹಾಗಾಗಿ ಇಟಲಿಯ ರಾಷ್ಟ್ರೀಯ ಸಂಗೀತಗಾರನೆನಿಸಿಕೊಳ್ಳಲಿದ್ದ ಈ ಮಗುವಿನ ಹೆಸರು ಜನನದ ದಫ್ತರಿನಲ್ಲಿ ದಾಖಲಾದದ್ದು ಫ್ರೆಂಚಿನಲ್ಲಿ, ಜೋಸೆಫ್ ಎಂದು. ತಂದೆ ಹೋಟೆಲಿನಂಥ ಸಣ್ಣದೊಂದು ತಂಗುಮನೆ ನಡೆಸುತ್ತಿದ್ದ. ತಾಯಿ ನೂಲು ತೆಗೆಯುತ್ತಿದ್ದಳು. ಹುಡುಗನಿಗಾಗಿ ತಂದೆ ಹಳೆಯದೊಂದು ಸ್ಪಿನೆಟ್ ವಾದ್ಯವನ್ನು ಕೊಂಡು ತಂದ. ಪಿಯಾನೊಗಿಂತ ಹಿಂದಿನ ಕಾಲದ, ಚಿಕ್ಕ ಗಾತ್ರದ ಮನೆವಾದ್ಯ ಅದು. 1821ರಲ್ಲಿ ಅದನ್ನು ದುರಸ್ತಿ ಮಾಡಿದ ಕುಶಲಕರ್ಮಿ, ಹುಡುಗನ ಕಲಿಕೆಯ ಆಸಕ್ತಿಯನ್ನು ಕಂಡದ್ದೇ ತನಗೆ ಸಂಬಳವೆಂದು ವಾದ್ಯದ ಒಳಗೇ ಬರೆದಿಟ್ಟು, ಕಾಸು ಪಡೆಯದೆ ಹೋದ. ವೆರ್ಡಿ ಆ ವಾದ್ಯವನ್ನು ಜೀವನಪೂರ್ತಿ ಇಟ್ಟುಕೊಂಡಿದ್ದ. ಈಗ ಅದು ಮಿಲಾನಿನ ಲಾ ಸ್ಕಾಲಾ ರಂಗಮಂದಿರದ ವಸ್ತುಸಂಗ್ರಹಾಲಯದಲ್ಲಿದೆ.

ಬುಸ್ಸೆತೊದ ವ್ಯಾಪಾರಿ ಆಂಟೋನಿಯೊ ಬಾರೆತ್ಸಿ ಹುಡುಗನನ್ನು ತನ್ನ ಮನೆಗೆ ಸೇರಿಸಿಕೊಂಡು ಓದಿಗೆ ನೆರವಾದ. ಈತನಿಗೆ ಸಂಗೀತದ ಹುಚ್ಚು. ಊರಿನ ಸಂಗೀತಗಾರರ ತಾಲೀಮು ನಡೆಯುತ್ತಿದ್ದುದೇ ಇವನ ಮನೆಯಲ್ಲಿ. 1832ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ವೆರ್ಡಿ ಮಿಲಾನಿನ ಸಂಗೀತ ಶಾಲೆಗೆ ಅರ್ಜಿ ಹಾಕಿದ, ಶಾಲೆ ಸೇರಿಸಿಕೊಳ್ಳಲಿಲ್ಲ. ಪ್ರವೇಶದ ವಯಸ್ಸು ಮೀರಿತ್ತು, ಪಿಯಾನೊ ಮೇಲೆ ಕೈಯಿಡುವ ಕ್ರಮ ಸರಿಯಿರಲಿಲ್ಲ, ಜೊತೆಗೆ ಆತ ಪಾರ್ಮಾ ಸಂಸ್ಥಾನದವನಾದ್ದರಿಂದ ಆಸ್ಟ್ರಿಯಾದ ಆಡಳಿತದಲ್ಲಿದ್ದ ಮಿಲಾನಿಗೆ ಪರದೇಶಿ. ಆ ಶಾಲೆಗೆ ಈಗ ಇರುವುದು ವೆರ್ಡಿಯ ಹೆಸರೇ. ಈ ಸಂಗತಿಯನ್ನು ಪ್ರತಿಭೆಯನ್ನು ಗುರುತಿಸದ ಮೂರ್ಖರ ಕಥೆಯಾಗಿ ಹೇಳುವುದು ರೂಢಿ. ಪರೀಕ್ಷಕರು ತಮ್ಮ ನಿಯಮದಂತೆ ನಡೆದರು ಎಂದಷ್ಟೇ ನನ್ನ ಅಭಿಪ್ರಾಯ. ಬಾರೆತ್ಸಿಯ ಹಣದಿಂದ ಮಿಲಾನಿನಲ್ಲಿಯೇ ಉಳಿದ ಹುಡುಗ, ಲಾ ಸ್ಕಾಲಾದಲ್ಲಿ ದುಡಿದಿದ್ದ ವಿಂಚೆಂಜೊ ಲವೀನ್ಯಾ ಎಂಬ ಗುರುವಿನ ಬಳಿ ಖಾಸಗಿಯಾಗಿ ಕಲಿತ. ಶಾಲೆಯಲ್ಲಿ ಸಿಗದಿದ್ದ ಒಂದು ಲಾಭ ಇಲ್ಲಿ ಸಿಕ್ಕಿತು: ಪಾಠ ಮುಗಿದ ಮೇಲೆ ಕಾಲಿಡಲು ಎದುರಿಗೇ ರಂಗಮಂದಿರವಿತ್ತು.

1836ರಲ್ಲಿ ಬಾರೆತ್ಸಿಯ ಮಗಳು ಮಾರ್ಗರೀತಾಳೊಂದಿಗೆ ಮದುವೆಯಾಯಿತು. 1838ರ ಆಗಸ್ಟಿನಲ್ಲಿ ಮಗಳು ತೀರಿಕೊಂಡಳು, 1839ರ ಅಕ್ಟೋಬರಿನಲ್ಲಿ ಮಗ, 1840ರ ಜೂನಿನಲ್ಲಿ ಹೆಂಡತಿ. ಇಪ್ಪತ್ತಾರರ ಗಂಡಸು ಖಾಲಿ ಮನೆಯಲ್ಲಿ ಕುಳಿತು, ಒಪ್ಪಂದದ ಪ್ರಕಾರ, ಒಂದು ಹಾಸ್ಯ ಒಪೆರಾವನ್ನು ಬರೆದು ಮುಗಿಸಬೇಕಾಯಿತು. ಅದು ಆ ವರ್ಷದ ಸೆಪ್ಟೆಂಬರಿನಲ್ಲಿ ಲಾ ಸ್ಕಾಲಾದಲ್ಲಿ ಮೊದಲ ಪ್ರದರ್ಶನದಂದೇ ಬಿದ್ದುಹೋಯಿತು. ಮುಂದೆ ವಯಸ್ಸಾದ ಮೇಲೆ ಪ್ರಕಾಶಕ ರಿಕೋರ್ದಿಗೆ ತನ್ನ ಕಥೆಯನ್ನು ಹೇಳುವಾಗ ವೆರ್ಡಿ ಈ ಮೂರೂ ಸಾವುಗಳು ಎರಡೇ ತಿಂಗಳಲ್ಲಿ ಸಂಭವಿಸಿದವೆಂದು ಹೇಳಿದ. ದಾಖಲೆಯ ಪ್ರಕಾರ ಅವುಗಳ ನಡುವೆ ಇಪ್ಪತ್ತೆರಡು ತಿಂಗಳ ಅಂತರವಿದೆ. ಇದನ್ನು ಸುಳ್ಳೆನ್ನಲು ನನಗೆ ಮನಸ್ಸು ಬಾರದು. ನಾಟಕಕಾರನ ನೆನಪು ಕಾಲವನ್ನು ಅಂಕಗಳಿಗೆ ತಕ್ಕಂತೆ ಕುಗ್ಗಿಸಿಕೊಳ್ಳುತ್ತದೆ. ಆದರೆ ವೆರ್ಡಿಯ ಬಗ್ಗೆ ಪ್ರಚಲಿತವಿರುವ ಕಥೆಗಳನ್ನು ಕೇಳುವಾಗ ಎಚ್ಚರ ಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಆ ಕಥೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ‘ನಬುಕ್ಕೊ’ ಒಪೆರಾದ್ದು. ಇನ್ನು ಸಂಗೀತವೇ ಬೇಡವೆಂದು ಕೂತಿದ್ದವನ ಕೈಗೆ ರಂಗಮಂದಿರದ ವ್ಯವಸ್ಥಾಪಕ ಒಂದು ಹಸ್ತಪ್ರತಿಯನ್ನು ತುರುಕಿದ. ಮನೆಗೆ ಬಂದು ಮೇಜಿನ ಮೇಲೆ ಎಸೆದಾಗ ಅದು ‘ವಾ ಪೆನ್ಸಿಯೆರೊ’ ಎಂಬ ಹಾಡಿನ ಪುಟದಲ್ಲಿ ತೆರೆದುಕೊಂಡಿತು. ಬ್ಯಾಬಿಲೋನಿನಲ್ಲಿ ಸೆರೆಯಾದ ಯಹೂದಿಗಳು ಕಳೆದುಹೋದ ನಾಡನ್ನು ನೆನೆಯುವ ಆ ವೃಂದಗಾನವನ್ನು ಮೊದಲ ಪ್ರದರ್ಶನದಲ್ಲಿ ಕೇಳಿದ ಮಿಲಾನಿನ ಜನ, ಆಸ್ಟ್ರಿಯನ್ನರ ಕಣ್ಣೆದುರೇ, ಇನ್ನೊಮ್ಮೆ ಹಾಡಿ ಎಂದು ಕೂಗಿದರು. ಇದರಲ್ಲಿ ಪುಟ ತೆರೆದುಕೊಂಡ ಭಾಗಕ್ಕೆ ವೆರ್ಡಿಯ ಮಾತೊಂದೇ ಆಧಾರ. ಇನ್ನೊಮ್ಮೆ ಹಾಡಿಸಿದ ಭಾಗವನ್ನು ಸಂಶೋಧಕ ರೋಜರ್ ಪಾರ್ಕರ್ ಅಂದಿನ ಪತ್ರಿಕೆಗಳಲ್ಲಿ ಹುಡುಕಿದಾಗ, ಜನ ಮರಳಿ ಕೇಳಿದ್ದು ಅದೇ ಒಪೆರಾದ ಬೇರೊಂದು ಪ್ರಾರ್ಥನಾಗೀತೆಯನ್ನೆಂದು ತಿಳಿದುಬಂತು. ದೇಶಭಕ್ತಿಯ ಅರ್ಥ ಆ ಹಾಡಿಗೆ ಕ್ರಮೇಣ, ಇಟಲಿ ಒಂದಾಗುವ ಹೊತ್ತಿಗೆ ಮತ್ತು ಆಮೇಲೆ, ಗಟ್ಟಿಯಾಗಿ ಅಂಟಿಕೊಂಡಿತು. ನಿಜವಾದ ಯಶಸ್ಸಿಗೆ ದಂತಕಥೆಯ ಹಂಗು ಬೇಕಿರಲಿಲ್ಲ: 1842ರ ಮಾರ್ಚ್ 9ರಂದು ಮೊದಲು ಪ್ರದರ್ಶನಗೊಂಡ ‘ನಬುಕ್ಕೊ’, ಆ ವರ್ಷದ ಶರತ್ಕಾಲದ ಅವಧಿಯಲ್ಲಿಯೇ ಲಾ ಸ್ಕಾಲಾದಲ್ಲಿ 57 ಸಲ ಪ್ರದರ್ಶನ ಕಂಡಿತು. ಅದರ ಮೊದಲ ನಾಯಕಿಯ ಪಾತ್ರ ವಹಿಸಿದ ಜ್ಯುಸೆಪ್ಪೀನಾ ಸ್ತ್ರೆಪ್ಪೋನಿಯ ಹೆಸರನ್ನು ನೆನಪಿಡಿ.

ಅಲ್ಲಿಂದ ಮುಂದಿನ ವರ್ಷಗಳನ್ನು ವೆರ್ಡಿ ‘ಗಾಣದೆತ್ತಿನ ದುಡಿಮೆ’ ಎನ್ನಬಹುದಾದ ರೀತಿಯಲ್ಲಿ ನೆನೆದಿದ್ದಾನೆ. ವರ್ಷಕ್ಕೆ ಒಂದು, ಕೆಲವೊಮ್ಮೆ ಎರಡು ಒಪೆರಾ, ಎಲ್ಲವೂ ಉಳಿಯುವಂಥವಲ್ಲ. ಇವುಗಳಲ್ಲಿ 1847ರಲ್ಲಿ ಫ್ಲಾರೆನ್ಸಿನಲ್ಲಿ ಪ್ರದರ್ಶನವಾದ ‘ಮ್ಯಾಕ್‌ಬೆತ್’ ಮಾತ್ರ ನಮ್ಮ ವಿಷಯಕ್ಕೆ ಮುಖ್ಯ. ಮರುವರ್ಷ ನೇಪಲ್ಸಿನಲ್ಲಿ ಅದನ್ನು ಆಡಿಸುವ ತಯಾರಿ ನಡೆದಾಗ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತಾದೊಲೀನಿ ಎಂಬ ಹೆಸರಾಂತ ಗಾಯಕಿಯನ್ನು ಆರಿಸಿದರು. ವೆರ್ಡಿ ಪತ್ರ ಬರೆದು ಆಕ್ಷೇಪಿಸಿದ. ಆಕ್ಷೇಪಣೆ ವಿಚಿತ್ರವಾದದ್ದು: ಆಕೆ ತುಂಬ ಚೆನ್ನಾಗಿ ಹಾಡುತ್ತಾಳೆ, ಆಕೆಯ ರೂಪ ತುಂಬ ಚೆಲುವಾದದ್ದು, ತನಗೆ ಈ ಪಾತ್ರಕ್ಕೆ ಬೇಕಾದದ್ದು ಒರಟಾದ, ಉಸಿರುಕಟ್ಟಿದ, ಕಪ್ಪು ಕವಿದಂಥ ದನಿ ಎಂದ. ಗಾಯಕರ ಕಂಠಸಿರಿಯನ್ನು ಮೆರೆಸುವುದಕ್ಕೇ ಒಪೆರಾ ಇರುವುದೆಂದು ಇಡೀ ಇಟಲಿ ನಂಬಿದ್ದ ಕಾಲದಲ್ಲಿ ಆಡಿದ ಮಾತು ಇದು. ಇಂಪೇ ವೆರ್ಡಿಯ ಬಂಡವಾಳವೆನ್ನುವವರಿಗೆ ನಾನು ಮೊದಲು ತೋರಿಸುವುದು ಈ ಪತ್ರವನ್ನು.

ಈಗ ‘ರಿಗೊಲೆಟ್ಟೊ’. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ವಿಕ್ಟರ್ ಹ್ಯೂಗೋ ಬರೆದ ಒಂದು ನಾಟಕ 1832ರಲ್ಲಿ ಪ್ಯಾರಿಸ್ಸಿನಲ್ಲಿ ಒಂದೇ ಪ್ರದರ್ಶನ ಕಂಡು ನಿಷೇಧಕ್ಕೆ ಒಳಗಾಗಿತ್ತು. ಅದರಲ್ಲಿ ಫ್ರಾನ್ಸಿನ ರಾಜನೇ ಹೆಣ್ಣುಗಳ ಬೇಟೆಗಾರ. ಅವನ ಆಸ್ಥಾನದ ಗೂನುಬೆನ್ನಿನ ವಿದೂಷಕನೇ ನಾಯಕ. ಈ ವಿದೂಷಕ ರಾಜನ ಕಾಮಲೀಲೆಗೆ ಕುಮ್ಮಕ್ಕು ಕೊಡುತ್ತಾನೆ, ಮಗಳು ಕೆಟ್ಟಳೆಂದು ಅಳುವ ತಂದೆಯನ್ನು ನೋಡಿ ಗೇಲಿ ಮಾಡುತ್ತಾನೆ, ಆದರೆ ತನ್ನ ಮಗಳನ್ನು ಮಾತ್ರ ಲೋಕದ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು ಸಾಕುತ್ತಾನೆ. ಇದನ್ನು ವೆನಿಸ್ಸಿನ ಲಾ ಫೆನಿಚೆ ರಂಗಮಂದಿರಕ್ಕಾಗಿ ಒಪೆರಾ ಮಾಡಲು ಹೊರಟಾಗ, ಆಸ್ಟ್ರಿಯಾದ ಸೆನ್ಸಾರ್ ಅಧಿಕಾರಿಗಳು 1850ರ ಡಿಸೆಂಬರಿನಲ್ಲಿ ತಡೆದರು. ಪಠ್ಯ ಬರೆಯುತ್ತಿದ್ದ ಪಿಯಾವೆ ಗಾಬರಿಯಿಂದ ಗೂನನ್ನೂ, ಕೊನೆಯಲ್ಲಿ ಬರುವ ಹೆಣದ ಮೂಟೆಯನ್ನೂ ತೆಗೆದು, ಎಲ್ಲರಿಗೂ ಒಪ್ಪುವಂಥ ಸಪ್ಪೆ ಆವೃತ್ತಿಯೊಂದನ್ನು ಸಿದ್ಧಪಡಿಸಿದ. ವೆರ್ಡಿ ರಂಗಮಂದಿರದ ಅಧ್ಯಕ್ಷರಿಗೆ ಉತ್ತರ ಬರೆದ: ಹೊರಗೆ ವಿಕಾರನೂ ನಗೆಪಾಟಲಿಗೆ ಈಡಾದವನೂ ಆಗಿ, ಒಳಗೆ ಆವೇಶವೂ ಪ್ರೀತಿಯೂ ತುಂಬಿದವನನ್ನು ತೋರಿಸುವುದೇ ತನಗೆ ಚೆಂದವಾಗಿ ಕಂಡದ್ದು, ಅದಕ್ಕಾಗಿಯೇ ಈ ವಸ್ತುವನ್ನು ಆರಿಸಿದ್ದು ಎಂದು. ರಾಜನನ್ನು ಮಾಂಟುವಾದ ಡ್ಯೂಕನನ್ನಾಗಿಸಲು ಒಪ್ಪಿದ. ಗೂನನ್ನು ಬಿಡಲಿಲ್ಲ, ಮೂಟೆಯನ್ನೂ ಬಿಡಲಿಲ್ಲ. 1851ರ ಮಾರ್ಚ್ 11ರಂದು ಅದು ರಂಗಕ್ಕೆ ಬಂತು.

ಮೂರನೆಯ ಅಂಕವನ್ನು ಗಮನಿಸಿ. ನದಿಯ ದಂಡೆಯಲ್ಲಿ ಬಾಡಿಗೆ ಕೊಲೆಗಾರನೊಬ್ಬನ ಹೆಂಡದಂಗಡಿ, ಬಿರುಕುಬಿಟ್ಟ ಗೋಡೆ. ಒಳಗೆ ವೇಷ ಮರೆಸಿಕೊಂಡ ಡ್ಯೂಕ್, ಕೊಲೆಗಾರನ ತಂಗಿ ಮದ್ದಲೇನಾಳನ್ನು ಒಲಿಸಿಕೊಳ್ಳುತ್ತಿದ್ದಾನೆ. ಹೊರಗೆ ಕತ್ತಲಲ್ಲಿ ರಿಗೊಲೆಟ್ಟೊ, ಡ್ಯೂಕನಿಂದ ಕೆಟ್ಟರೂ ಅವನನ್ನೇ ಪ್ರೀತಿಸುವ ತನ್ನ ಮಗಳು ಜಿಲ್ದಾಳಿಗೆ ಬಿರುಕಿನ ಮೂಲಕ ಆ ದೃಶ್ಯವನ್ನು ತೋರಿಸುತ್ತಿದ್ದಾನೆ. ನಾಲ್ವರೂ ಏಕಕಾಲಕ್ಕೆ ಹಾಡುತ್ತಾರೆ. ಡ್ಯೂಕನದು ಉದ್ದುದ್ದನೆಯ, ಸಲೀಸಾಗಿ ಹರಿಯುವ ಪ್ರೇಮನಿವೇದನೆ. ಮದ್ದಲೇನಾಳದು ಚಿಟಿಕೆ ಹಾರಿಸಿದಂತೆ ಚುಟುಕು ಸ್ವರಗಳ ನಗು. ಜಿಲ್ದಾಳ ಸಾಲುಗಳು ಬಿಕ್ಕಿನಂತೆ ಮೇಲೇರಿ ತುಂಡಾಗುತ್ತವೆ. ರಿಗೊಲೆಟ್ಟೊನ ದನಿ ಕೆಳಗೆ, ಒಂದೇ ಕಡೆ ಕುಟ್ಟುವಂತೆ, ಸೇಡಿನ ಲೆಕ್ಕ ಹಾಕುತ್ತಿರುತ್ತದೆ.

ನಮ್ಮ ಕಛೇರಿ ಸಂಗೀತಕ್ಕೆ ಒಗ್ಗಿದ ಕಿವಿಗೆ ಇದು ಮೊದಲಿಗೆ ಗದ್ದಲವಾಗಿ ಕೇಳಿಸಬಹುದು. ಅಲ್ಲಿ ಹಾಡುಗಾರರ ದನಿಯನ್ನು ಪಿಟೀಲು ಅನುಸರಿಸುತ್ತದೆ, ರಾಗದ ಎಳೆ ಒಂದೇ ಇರುತ್ತದೆ, ನಾವು ಅದನ್ನೇ ಹಿಡಿದು ಸಾಗುತ್ತೇವೆ. ಇಲ್ಲಿ ಎಳೆಗಳು ನಾಲ್ಕು, ಮತ್ತು ನಾಲ್ಕೂ ಬೇರೆಬೇರೆ ಮನಸ್ಸುಗಳಿಗೆ ಸೇರಿದವು. ಆದರೂ ನೇಯ್ಗೆಯಲ್ಲಿ ಒಂದಕ್ಕೊಂದು ಒಪ್ಪಿಕೊಳ್ಳುತ್ತವೆ. ಮಾತಿನ ನಾಟಕದಲ್ಲಿ ನಾಲ್ವರು ಒಟ್ಟಿಗೆ ಮಾತನಾಡಿದರೆ ಯಾರ ಮಾತೂ ತಿಳಿಯುವುದಿಲ್ಲ. ಸಂಗೀತದಲ್ಲಿ ಮಾತ್ರ ಸಾಧ್ಯವಾದ ಒಂದು ನಾಟಕೀಯ ಉಪಾಯವಿದು: ಮೋಸಗಾರನ ಸಿಹಿಯನ್ನೂ ಮೋಸಹೋದವಳ ನೋವನ್ನೂ ಒಂದೇ ಉಸಿರಿನಲ್ಲಿ ಕೇಳುತ್ತೇವೆ, ಮತ್ತು ಮೋಸಗಾರನ ಧಾಟಿಯೇ ನಾಲ್ಕರಲ್ಲಿ ಅತ್ಯಂತ ಚೆಲುವಾದದ್ದೆಂದು ಗೊತ್ತಾಗಿ ಕಸಿವಿಸಿಗೊಳ್ಳುತ್ತೇವೆ. ಜಿಲ್ದಾ ಏಕೆ ಮರುಳಾದಳೆಂಬುದನ್ನು ವಿವರಿಸಲು ಬೇರೆ ಮಾತು ಬೇಕಿಲ್ಲ.

ಆರಂಭದಲ್ಲಿ ಹೇಳಿದ ‘ಲಾ ದೊನ್ನಾ ಎ ಮೋಬಿಲೆ’ ಈ ಅಂಕದ್ದೇ. ಹೆಣ್ಣು ಚಂಚಲೆ ಎಂದು ಜಗತ್ತಿನ ಅತ್ಯಂತ ಚಂಚಲ ಗಂಡಸು ಹಾಡುವ ಹಾಡು. ಅದನ್ನು ಬಿಡಿಯಾಗಿ ಕೇಳಿದರೆ ಹಗುರ, ಸ್ವಲ್ಪ ಅಗ್ಗ ಎಂದೂ ಅನ್ನಿಸುತ್ತದೆ. ಆದರೆ ಕೊನೆಯಲ್ಲಿ, ಗುಡುಗು ಮಳೆ ಕಳೆದ ಮೇಲೆ, ಕೊಲೆಗಾರ ಒಪ್ಪಿಸಿದ ಮೂಟೆಯ ಮೇಲೆ ಕಾಲಿಟ್ಟು ರಿಗೊಲೆಟ್ಟೊ ಮೆರೆಯುತ್ತಿರುವಾಗ, ಡ್ಯೂಕನ ಹೆಣ ಇದರಲ್ಲಿದೆಯೆಂದು ಹಿಗ್ಗುತ್ತಿರುವಾಗ, ದೂರದಿಂದ ಅದೇ ಹಾಡು ತೇಲಿಬರುತ್ತದೆ. ಡ್ಯೂಕ್ ಬದುಕಿದ್ದಾನೆ. ಹಾಗಾದರೆ ಮೂಟೆಯಲ್ಲಿ ಯಾರು? ಅವನಿಗಾಗಿ ತಾನಾಗಿಯೇ ಕತ್ತಿಗೆ ಕೊರಳೊಡ್ಡಿದ ಜಿಲ್ದಾ. ಕೇಳಿದ ತಕ್ಷಣ ಗುರುತು ಸಿಗಬೇಕು, ಒಂದು ಸಾಲಿನಲ್ಲಿಯೇ ಎದೆ ನಡುಗಬೇಕು; ಅದಕ್ಕಾಗಿಯೇ ಆ ಧಾಟಿ ಅಷ್ಟು ಸುಲಭ. ವೆರ್ಡಿಯ ಇಂಪನ್ನು ನಾಟಕದಿಂದ ಬಿಡಿಸಿ ನೋಡಬಾರದೆಂದು ನಾನು ಹೇಳುವುದು ಈ ಕಾರಣಕ್ಕೆ.

ಎರಡು ವರ್ಷಗಳ ನಂತರ, 1853ರ ಮಾರ್ಚ್ 6ರಂದು, ಅದೇ ಲಾ ಫೆನಿಚೆಯಲ್ಲಿ ‘ಲಾ ತ್ರಾವಿಯಾತಾ’. ಫ್ರೆಂಚ್ ಲೇಖಕ ಕಿರಿಯ ದ್ಯುಮಾನ ಕಾದಂಬರಿ ಹಾಗೂ ನಾಟಕದಿಂದ ಬಂದ ಕಥೆ. ಅದರ ಹಿಂದೆ 1847ರಲ್ಲಿ ಇಪ್ಪತ್ಮೂರರ ಹರೆಯದಲ್ಲಿ ಕ್ಷಯದಿಂದ ಸತ್ತ ಪ್ಯಾರಿಸ್ಸಿನ ನಿಜವಾದ ಗಣಿಕೆಯೊಬ್ಬಳಿದ್ದಳು. ವೆರ್ಡಿಗೆ ಅದನ್ನು ಅಂದಂದಿನ ಉಡುಗೆಯಲ್ಲಿಯೇ ಆಡಿಸುವ ಆಸೆಯಿತ್ತು. ರಂಗಮಂದಿರದವರು ಕಥೆಯನ್ನು ಒಂದೂವರೆ ಶತಮಾನ ಹಿಂದಕ್ಕೆ ತಳ್ಳಿ, 1700ರ ಸುಮಾರಿನ ವೇಷ ತೊಡಿಸಿದರು. ನೋಡಲು ಬಂದವರು ತಮ್ಮನ್ನೇ ರಂಗದ ಮೇಲೆ ಕಾಣುವುದು ಯಾರಿಗೂ ಬೇಕಿರಲಿಲ್ಲ. ಮೊದಲ ರಾತ್ರಿ ಸೋಲು. ಮರುದಿನ ಶಿಷ್ಯನಿಗೆ ವೆರ್ಡಿ ಬರೆದ ಚೀಟಿ ಚಿಕ್ಕದು: ‘ತ್ರಾವಿಯಾತಾ’ ನಿನ್ನೆ ಸೋತಿತು, ತಪ್ಪು ನನ್ನದೋ ಗಾಯಕರದೋ, ಕಾಲವೇ ಹೇಳುತ್ತದೆ. ಕಾಲ ಹೆಚ್ಚು ತಡಮಾಡಲಿಲ್ಲ. ಕೆಲವು ಭಾಗಗಳನ್ನು ತಿದ್ದಿ, 1854ರ ಮೇ ತಿಂಗಳಲ್ಲಿ ಅದೇ ಊರಿನ ಇನ್ನೊಂದು ರಂಗಮಂದಿರದಲ್ಲಿ ಆಡಿಸಿದಾಗ ಊರಿಗೆ ಊರೇ ಮೆಚ್ಚಿತು.

ಸ್ತ್ರೆಪ್ಪೋನಿಯ ಹೆಸರನ್ನು ನೆನಪಿಡಿ ಎಂದಿದ್ದೆ. ಆಕೆ ಆ ಹೊತ್ತಿಗೆ ರಂಗವನ್ನು ಬಿಟ್ಟು, ವೆರ್ಡಿಯೊಂದಿಗೆ ಮದುವೆಯಿಲ್ಲದೆ ಬಾಳುತ್ತಿದ್ದಳು. ಮದುವೆಗೆ ಹೊರತಾಗಿ ಹುಟ್ಟಿದ ಮಕ್ಕಳ ಹಿನ್ನೆಲೆಯೂ ಆಕೆಗಿತ್ತು. ಬುಸ್ಸೆತೊದ ಜನ ಆಡಿಕೊಂಡರು. ಮಾವನೂ ಪೋಷಕನೂ ಆದ ಬಾರೆತ್ಸಿ ಸಹ ಬೇಸರದಿಂದ ಬರೆದ. 1852ರ ಜನವರಿಯಲ್ಲಿ ವೆರ್ಡಿ ಕೊಟ್ಟ ಉತ್ತರ ವಿನಯವನ್ನೂ ಸಿಟ್ಟನ್ನೂ ಒಟ್ಟಿಗೆ ಹೊತ್ತಿದೆ: ತನ್ನ ಮನೆಯಲ್ಲಿ ಸ್ವತಂತ್ರಳಾದ ಒಬ್ಬ ಮಹಿಳೆ ಇದ್ದಾಳೆ, ತಾವಿಬ್ಬರೂ ತಮ್ಮ ನಡತೆಯ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ, ಆಕೆಗೆ ಎಲ್ಲ ಗೌರವವೂ ಸಲ್ಲಬೇಕು. ಮದುವೆಯಾದದ್ದು 1859ರಲ್ಲಿ, ದೂರದ ಸವಾಯ್ ಸೀಮೆಯ ಹಳ್ಳಿಯೊಂದರಲ್ಲಿ, ಸದ್ದಿಲ್ಲದೆ. ಹಾಗೆಂದು ‘ತ್ರಾವಿಯಾತಾ’ದ ನಾಯಕಿ, ಗಣಿಕೆ ವಯೊಲೆತ್ತಾಳೇ ಸ್ತ್ರೆಪ್ಪೋನಿ ಎಂದು ಗೆರೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಊರಿನ ಮರ್ಯಾದೆಯ ಹೆಸರಿನಲ್ಲಿ ಮಾತನಾಡುವವರ ದನಿ ಹೇಗಿರುತ್ತದೆಂದು ವೆರ್ಡಿಗೆ ಹತ್ತಿರದಿಂದ ಗೊತ್ತಿತ್ತು ಎಂದಷ್ಟೇ ಹೇಳಬಹುದು.

ಎರಡನೆಯ ಅಂಕದಲ್ಲಿ ಆ ದನಿ ಬರುತ್ತದೆ. ಪ್ರೇಮಿಯ ತಂದೆ ಜೆರ್ಮೊಂ ವಯೊಲೆತ್ತಾಳ ಮನೆಗೆ ಬಂದು, ನನ್ನ ಮಗನನ್ನು ಬಿಟ್ಟುಬಿಡು, ನಿನ್ನಿಂದಾಗಿ ನನ್ನ ಮಗಳ ಮದುವೆ ನಿಂತುಹೋಗುತ್ತದೆ ಎನ್ನುತ್ತಾನೆ. ಇಂಥ ದೃಶ್ಯದಲ್ಲಿ ತಂದೆಯನ್ನು ಖಳನನ್ನಾಗಿ ಮಾಡುವುದು ಸುಲಭ. ವೆರ್ಡಿ ಹಾಗೆ ಮಾಡಲಿಲ್ಲ. ಜೆರ್ಮೊಂನ ಧಾಟಿ ಗಂಭೀರ, ಮಿತವಾದ ಚೌಕಟ್ಟಿನದು. ಅವನು ಮಗಳನ್ನು ಪ್ರೀತಿಸುವವನೆಂಬುದು ಅದರಲ್ಲಿ ಕೇಳಿಸುತ್ತದೆ. ವಯೊಲೆತ್ತಾಳದು ಮೊದಲು ಹೆದರಿದ, ಮುರಿದ ಸಾಲುಗಳು. ಆಮೇಲೆ ಆಕೆ ಸೋಲೊಪ್ಪಿ, ಆ ಹುಡುಗಿಗೆ ಹೇಳಿ ಎಂದು ಪಿಸುದನಿಯಲ್ಲಿ ಶುರುಮಾಡಿದಾಗ, ನ್ಯಾಯ ಯಾರ ಕಡೆಗಿದೆ ಎಂಬುದು ನಮಗೆ ಸ್ಪಷ್ಟವಾಗುತ್ತದೆ. ಆದರೆ ಜೆರ್ಮೊಂನನ್ನು ದ್ವೇಷಿಸುವ ಸುಖವನ್ನು ವೆರ್ಡಿ ನಮಗೆ ಉಳಿಸಿರುವುದಿಲ್ಲ. ಕೊನೆಯ ಅಂಕದಲ್ಲಿ ಹಾಸಿಗೆ ಹಿಡಿದ ವಯೊಲೆತ್ತಾ, ಆ ತಂದೆ ಪಶ್ಚಾತ್ತಾಪಪಟ್ಟು ಬರೆದ ಪತ್ರವನ್ನು ಓದುತ್ತಾಳೆ. ಓದುತ್ತಾಳೆ ಎಂದೆ, ಹಾಡುತ್ತಾಳೆ ಎನ್ನಲಿಲ್ಲ. ಇಡೀ ಸಂಜೆ ಹಾಡಿದವಳು ಇಲ್ಲಿ ಬರೀ ಮಾತಿನ ದನಿಗೆ ಇಳಿಯುತ್ತಾಳೆ. ಅವಳ ಪ್ರೇಮದ ಧಾಟಿಯನ್ನು ಪಿಟೀಲು ತಾನೇ ನುಡಿಸುತ್ತದೆ. ಪತ್ರ ಮುಗಿದ ಮೇಲೆ ಒಂದೇ ಮಾತು: ತಡವಾಯಿತು.

ರಾಜಕೀಯದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1859ರ ಹೊತ್ತಿಗೆ ಗೋಡೆಗಳ ಮೇಲೆ ‘ವೀವಾ ವೆರ್ಡಿ’, ಅಂದರೆ ವೆರ್ಡಿಗೆ ಜಯವಾಗಲಿ, ಎಂಬ ಬರಹ ಕಾಣಿಸಿಕೊಂಡಿತು. ಆ ಹೆಸರಿನ ಅಕ್ಷರಗಳನ್ನು ಬಿಡಿಸಿದರೆ ‘ವಿತ್ತೋರಿಯೊ ಎಮಾನ್ವೆಲೆ ರೆ ದಿತಾಲಿಯಾ’, ಇಟಲಿಯ ದೊರೆ ವಿತ್ತೋರಿಯೊ ಎಮಾನ್ವೆಲೆ, ಎಂಬ ಘೋಷಣೆಯಾಗುತ್ತಿತ್ತು. ಏಕೀಕರಣದ ಮುತ್ಸದ್ದಿ ಕವೂರ್ ಒತ್ತಾಯಿಸಿದ್ದರಿಂದ 1861ರ ಮೊದಲ ಸಂಸತ್ತಿಗೆ ವೆರ್ಡಿ ಸದಸ್ಯನಾದ. ಅದಕ್ಕಿಂತ ಹೆಚ್ಚಿನ ಆಸಕ್ತಿ ಆತನಿಗಿದ್ದದ್ದು ಸಾಂತ್ ಆಗಾತಾದ ತನ್ನ ಜಮೀನಿನಲ್ಲಿ.

ಇದರ ನಡುವೆ 1867ರಲ್ಲಿ ಪ್ಯಾರಿಸ್ಸಿಗಾಗಿ ಬರೆದ ‘ದೋನ್ ಕಾರ್ಲೋಸ್’ ಇದೆ. ಸ್ಪೇನಿನ ದೊರೆ ಫಿಲಿಪ್ ಅದರಲ್ಲಿ ನಿರಂಕುಶ ಪ್ರಭು, ಧರ್ಮವಿರೋಧಿಗಳನ್ನು ಜೀವಂತ ಸುಡಿಸುವವನು. ಅಂಥವನನ್ನು ವೆರ್ಡಿ ರಾತ್ರಿಯೆಲ್ಲ ನಿದ್ದೆಗೆಟ್ಟು, ಕರಗಿದ ಮೇಣದ ದೀಪಗಳ ಮುಂದೆ, ಒಂಟಿ ಸೆಲ್ಲೊ ವಾದ್ಯದ ಜೊತೆಗೆ, ಹೆಂಡತಿ ನನ್ನನ್ನೆಂದೂ ಪ್ರೀತಿಸಲಿಲ್ಲವೆಂದು ಹಾಡಿಸುತ್ತಾನೆ. ಅದು ಮುಗಿಯುತ್ತಿದ್ದಂತೆ ತೊಂಬತ್ತು ವರ್ಷದ ಕುರುಡ ಧರ್ಮವಿಚಾರಕ, ಅಂದರೆ ಧರ್ಮವಿರೋಧಿಗಳ ವಿಚಾರಣೆ ನಡೆಸುವ ಚರ್ಚಿನ ಅಧಿಕಾರಿ, ಒಳಗೆ ಬಂದು, ದೊರೆಯನ್ನೇ ಗದರಿಸುತ್ತಾನೆ. ದಬ್ಬಾಳಿಕೆ ನಡೆಸುವವನ ಮೇಲೂ ಒಂದು ದಬ್ಬಾಳಿಕೆಯಿರುತ್ತದೆಂಬುದನ್ನು ಎರಡು ಮಂದ್ರ ಕಂಠಗಳ ಘರ್ಷಣೆಯಲ್ಲಿಯೇ ತೋರಿಸಿದ ಈ ದೃಶ್ಯಕ್ಕೆ ಸಮನಾದದ್ದು ಒಪೆರಾ ಸಾಹಿತ್ಯದಲ್ಲಿ ವಿರಳ.

‘ಐದಾ’ವನ್ನು ಸುಯೆಜ್ ಕಾಲುವೆಯ ಉದ್ಘಾಟನೆಗಾಗಿ ಬರೆದದ್ದೆಂಬ ಮಾತನ್ನು ನೀವೂ ಓದಿರಬಹುದು. ಕಾಲುವೆ ತೆರೆದದ್ದು 1869ರಲ್ಲಿ; ಆಗ ಕೈರೋದ ಹೊಸ ಒಪೆರಾ ಮಂದಿರದಲ್ಲಿ ಆಡಿದ್ದು ‘ರಿಗೊಲೆಟ್ಟೊ’. ‘ಐದಾ’ ರಂಗಕ್ಕೆ ಬಂದದ್ದು 1871ರ ಡಿಸೆಂಬರ್ 24ರಂದು. ಅದೂ ತಡವಾಗಿ, ಏಕೆಂದರೆ ಪ್ರಷ್ಯದ ಸೈನ್ಯ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದ್ದರಿಂದ ಅಲ್ಲಿ ಸಿದ್ಧವಾಗಿದ್ದ ಪರದೆಗಳೂ ಉಡುಪುಗಳೂ ಊರಿನೊಳಗೇ ಸಿಕ್ಕಿಬಿದ್ದಿದ್ದವು. ಆನೆ, ಕಹಳೆ, ವಿಜಯಯಾತ್ರೆ ಎಂದು ಪ್ರಸಿದ್ಧವಾದ ಈ ಒಪೆರಾದ ಬಹುಪಾಲು ಇಬ್ಬರು ಮೂವರ ನಡುವಿನ ಪಿಸುಮಾತು. ಕೊನೆಯ ದೃಶ್ಯದಲ್ಲಿ ರಂಗ ಎರಡು ಅಂತಸ್ತು: ಕೆಳಗೆ ನೆಲಮಾಳಿಗೆಯಲ್ಲಿ ಜೀವಂತ ಸಮಾಧಿಯಾದ ಪ್ರೇಮಿಗಳು, ಮೇಲೆ ದೇಗುಲದಲ್ಲಿ ಆ ಸಾವಿಗೆ ಕಾರಣಳಾಗಿ ಈಗ ಶಾಂತಿ ಬೇಡುತ್ತಿರುವ ರಾಜಕುಮಾರಿ ಅಮ್ನೇರಿಸ್. ಮತ್ತೆ ಅದೇ ಉಪಾಯ, ಈ ಸಲ ಕಣ್ಣಿಗೂ ಕಾಣುವಂತೆ.

ವಿಷಯ ಬಂತೆಂದು ಒಂದು ಪ್ರಸಂಗ ಹೇಳಿಬಿಡುತ್ತೇನೆ. 1872ರಲ್ಲಿ ರೆಜ್ಜೊ ಊರಿನವನೊಬ್ಬ ರೈಲು ಹತ್ತಿ ಪಾರ್ಮಾಕ್ಕೆ ಹೋಗಿ ಎರಡು ಸಲ ‘ಐದಾ’ ನೋಡಿದ. ಹಿಡಿಸಲಿಲ್ಲ. ರೈಲಿನ ಖರ್ಚು, ಟಿಕೆಟ್ಟು, ರಾತ್ರಿಯ ಊಟ ಎಲ್ಲ ಸೇರಿಸಿ 31 ಲೀರಾ 80 ಕಾಸು ವಾಪಸು ಕೊಡಬೇಕೆಂದು ವೆರ್ಡಿಗೇ ಪತ್ರ ಬರೆದ. ವೆರ್ಡಿ ಪ್ರಕಾಶಕನಿಗೆ ಹೇಳಿ 27 ಲೀರಾ 80 ಕಾಸು ಕೊಡಿಸಿದ. ಊಟದ ನಾಲ್ಕು ಲೀರಾ ಕೊಡಲಿಲ್ಲ. ಅದನ್ನು ಅವನು ಮನೆಯಲ್ಲಿಯೇ ಉಣ್ಣಬಹುದಾಗಿತ್ತು ಎಂಬ ವಾದ. ಇನ್ನು ಮುಂದೆ ತನ್ನ ಹೊಸ ಒಪೆರಾಗಳಿಗೆ ಬರುವುದಿಲ್ಲವೆಂದು ಬರೆಸಿಕೊಳ್ಳುವಂತೆಯೂ ಸೂಚಿಸಿದ. ವ್ಯವಹಾರದಲ್ಲಿ ಆತ ಕೊನೆಯವರೆಗೂ ಹಳ್ಳಿಯ ತಂಗುಮನೆಯವನ ಮಗನೇ.

1874ರಲ್ಲಿ ಲೇಖಕ ಮಂಜೋನಿಯ ನೆನಪಿಗೆ ‘ರೆಕ್ವಿಯಂ’, ಅಂದರೆ ಸತ್ತವರಿಗಾಗಿ ಹಾಡುವ ಪ್ರಾರ್ಥನಾ ಸಂಗೀತ, ರಚಿಸಿದ ನಂತರ ಬಹುಕಾಲ ಹೊಸ ಒಪೆರಾ ಬರಲಿಲ್ಲ. ಕವಿ ಬೊಯಿತೊ ಶೇಕ್ಸ್‌ಪಿಯರನ ವಸ್ತು ಹಿಡಿದು ಬಂದು ಮುದುಕನನ್ನು ಒಲಿಸಿಕೊಂಡದ್ದರಿಂದ 1887ರಲ್ಲಿ ‘ಒತೆಲ್ಲೊ’ ಹುಟ್ಟಿತು. ‘ಐದಾ’ದಿಂದ ಅದಕ್ಕೆ ಹದಿನೈದು ವರ್ಷಗಳಿಗೂ ಮೀರಿದ ಅಂತರ. ಮೊದಲ ಪ್ರದರ್ಶನದ ವಾದ್ಯವೃಂದದಲ್ಲಿ ಸೆಲ್ಲೊ ಹಿಡಿದು ಕುಳಿತವರಲ್ಲಿ ಮುಂದೆ ಹೆಸರಾಂತ ವಾದ್ಯವೃಂದ ನಿರ್ದೇಶಕನಾದ ಹತ್ತೊಂಬತ್ತರ ತೊಸ್ಕನೀನಿಯೂ ಇದ್ದ. ಬಿರುಗಾಳಿಯಿಂದ ಶುರುವಾಗುವ ಆ ಒಪೆರಾದಲ್ಲಿ ಆರ್ಗನ್ ವಾದ್ಯ ಅಕ್ಕಪಕ್ಕದ ಮೂರು ಮಂದ್ರ ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದಿರುತ್ತದೆ. ಸದ್ದು ಎನ್ನುವುದಕ್ಕಿಂತ ಅದು ನೆಲದಡಿಯ ನಡುಕ. ಅದು ನಿಂತಾಗಲೇ ಇಷ್ಟು ಹೊತ್ತು ಇತ್ತೆಂದು ನಮಗೆ ತಿಳಿಯುವುದು. 1893ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ‘ಫಾಲ್‌ಸ್ಟಾಫ್’. ಯೌವನದಲ್ಲಿ ಸೋತ ಹಾಸ್ಯಕ್ಕೆ ಅರ್ಧ ಶತಮಾನದ ಮೇಲೆ ಆತ ಮರಳಿದ್ದು ಹೀಗೆ. ಅದರ ಕೊನೆಯಲ್ಲಿ ಮೋಸ ಮಾಡಿದವರು, ಮೋಸ ಹೋದವರು, ಒದೆ ತಿಂದವರು, ಎಲ್ಲರೂ ಒಬ್ಬರ ಹಿಂದೊಬ್ಬರು ಒಂದೇ ಸಾಲನ್ನು ಎತ್ತಿಕೊಂಡು ಫ್ಯೂಗ್ ಹಾಡುತ್ತಾರೆ: ಲೋಕದಲ್ಲಿರುವುದೆಲ್ಲ ತಮಾಷೆ ಎಂದು. ‘ರಿಗೊಲೆಟ್ಟೊ’ದಲ್ಲಿ ನಾಲ್ವರಿಗೆ ಒದಗಿದ ನ್ಯಾಯ ಇಲ್ಲಿ ಇಡೀ ಊರಿಗೆ ಒದಗಿದೆ.

ಸ್ತ್ರೆಪ್ಪೋನಿ 1897ರಲ್ಲಿ ತೀರಿಕೊಂಡಳು. ಆ ಹೊತ್ತಿಗೆ ವೆರ್ಡಿ ಮಿಲಾನಿನಲ್ಲಿ ಬಡ ವೃದ್ಧ ಸಂಗೀತಗಾರರಿಗಾಗಿ ಒಂದು ಮನೆ ಕಟ್ಟಿಸುತ್ತಿದ್ದ. ಅದರ ವಾಸ್ತುಶಿಲ್ಪಿ ಕವಿ ಬೊಯಿತೊನ ಅಣ್ಣ ಕಮಿಲ್ಲೊ. ತನ್ನ ಕೃತಿಗಳಲ್ಲೆಲ್ಲ ತನಗೆ ಹೆಚ್ಚು ಪ್ರಿಯವಾದದ್ದು ಈ ಮನೆಯೆಂದು ಆತ ಸ್ನೇಹಿತನಿಗೆ ಬರೆದಿದ್ದಾನೆ. ಕೃತಜ್ಞತೆಯ ಮಾತುಗಳನ್ನು ಕೇಳುವ ಮುಜುಗರ ಬೇಡವೆಂದು, ತಾನು ಸಾಯುವವರೆಗೆ ಅದನ್ನು ತೆರೆಯಲು ಬಿಡಲಿಲ್ಲ. 1901ರ ಜನವರಿ 27ರಂದು ಮಿಲಾನಿನ ಹೋಟೆಲೊಂದರಲ್ಲಿ ಆತ ತೀರಿಕೊಂಡ. ಮನೆ ತೆರೆದದ್ದು 1902ರಲ್ಲಿ. ಗಂಡಹೆಂಡಿರ ಸಮಾಧಿ ಅದರ ಆವರಣದಲ್ಲಿಯೇ ಇದೆ, ಮೇಲಿನ ಕೋಣೆಗಳಲ್ಲಿ ವಯಸ್ಸಾದ ಗಾಯಕರೂ ವಾದಕರೂ ಇಂದಿಗೂ ವಾಸವಾಗಿದ್ದಾರೆ.

ಎಲ್ಲಿಂದ ಕೇಳಲು ಶುರುಮಾಡಬೇಕೆಂದು ಹಲವರು ಕೇಳುತ್ತೀರಿ. ಹಾಡುಗಳ ಸಂಕಲನದಿಂದ ಬೇಡ. ‘ರಿಗೊಲೆಟ್ಟೊ’ದ ಮೂರನೆಯ ಅಂಕವನ್ನು ಹಾಕಿಕೊಳ್ಳಿ, ಅರ್ಧ ಗಂಟೆಯ ಆಸುಪಾಸಿನದು. ನಾಲ್ವರ ಹಾಡು ಬಂದಾಗ ಮೊದಲ ಸಲ ಡ್ಯೂಕನನ್ನು ಮಾತ್ರ ಹಿಂಬಾಲಿಸಿ, ಎರಡನೆಯ ಸಲ ಜಿಲ್ದಾಳನ್ನು, ಮೂರನೆಯ ಸಲ ಕೆಳಗೆ ಗೊಣಗುವ ರಿಗೊಲೆಟ್ಟೊನನ್ನು. ಪಠ್ಯದ ಅನುವಾದ ಕೈಯಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.